ಮಾಟುಂಗಾದ ದೊಡ್ಡ ಮನೆ ಮಾರಾಟಕ್ಕಿದೆ

ಕೇಳುಗರಿಗೆ ನಮಸ್ಕಾರ.

ಮುಂಬಯಿಯ ಮಾಟುಂಗಾ ಪೂರ್ವದಲ್ಲಿ, ಫೈವ್ ಗಾರ್ಡನ್ಸ್ ಅನ್ನುವ ಉದ್ಯಾನಗಳ ಹತ್ತಿರದ ಒಂದು ಓಣಿಯಲ್ಲಿ, ನಮ್ಮ ಕನ್ನಡಿಗರದೇ ಒಂದು ಹಳೇ ಕುಟುಂಬದ ಮನೆ ಮಾರಾಟಕ್ಕೆ ಬಂದಿದೆ. ಮೂರು ಅಂತಸ್ತು, ದುಂಡಗಿನ ಬಾಲ್ಕನಿ, ತೇಗದ ಬಾಗಿಲು, ಬಣ್ಣಬಣ್ಣದ ಮೊಸಾಯಿಕ್ ನೆಲ, ಹಿಂದುಗಡೆ ಒಂದು ತೆಂಗಿನ ಮರ. ಸುದ್ದಿ ಡೊಂಬಿವಲಿ ದಾಟಿ ಉಡುಪಿಯವರೆಗೂ ಮುಟ್ಟಿದೆ. ಎಲ್ಲರೂ ಕೇಳುವುದು ಒಂದೇ ಮಾತು, ಎಷ್ಟು ಕೋಟಿಗೆ ಹೋಗಬಹುದು ಅಂತ. ನನ್ನನ್ನು ಕೇಳಿದರೆ ರೇಟಿನ ಮಾತು ಕೊನೆಗಿರಲಿ. ಮಾರುವವರ ಕೈಯಲ್ಲಿ ಮಾರಲಿಕ್ಕೆ ಏನೇನಿದೆ, ಅದನ್ನು ಮೊದಲು ನೋಡಬೇಕು.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ದಾದರ್-ಮಾಟುಂಗಾ ತನ್ನಷ್ಟಕ್ಕೆ ಬೆಳೆದ ಊರಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಮಾಂಡ್ವಿ ಕಡೆಯ ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಸತ್ತರು, ಉಳಿದವರಲ್ಲಿ ಲಕ್ಷಾಂತರ ಮಂದಿ ಊರು ಬಿಟ್ಟು ಓಡಿದರು. ಆಮೇಲೆ ಸರಕಾರಕ್ಕೆ ಎಚ್ಚರವಾಗಿ 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಗದ್ದೆ, ಜೌಗು, ತೋಟ ಇದ್ದ ಈ ಜಾಗವನ್ನು ಟ್ರಸ್ಟ್ ತೆಗೆದುಕೊಂಡು, ಅಗಲ ರಸ್ತೆ, ಸಾಲುಮರ, ನಡುನಡುವೆ ಉದ್ಯಾನ, ಮನೆಯ ಸುತ್ತ ಇಷ್ಟು ಜಾಗ ಬಿಡಲೇಬೇಕು ಅನ್ನುವ ನಿಯಮ, ಎಲ್ಲ ಮೊದಲೇ ನಕ್ಷೆಯಲ್ಲಿ ಹಾಕಿ ಪ್ಲಾಟು ಮಾಡಿತು. ಆಗ ಇದು ಉಪನಗರ. ಈಗ ಮುಂಬಯಿಯ ನಟ್ಟನಡುವೆ ಇದೆ, ಅದು ಬೇರೆ ಮಾತು. ಪಾರ್ಸಿ ಕಾಲೊನಿ ಕಟ್ಟಿದ ಮಂಚರ್ಜಿ ಜೋಶಿಯವರ ಹೆಸರು ಇವತ್ತಿಗೂ ಫೈವ್ ಗಾರ್ಡನ್ಸಿಗೆ ಇದೆ. ದಕ್ಷಿಣದಿಂದ ಬಂದ ನಮ್ಮವರು ಕಿಂಗ್ಸ್ ಸರ್ಕಲ್ ಸುತ್ತಮುತ್ತ ನೆಲೆ ಹಿಡಿದರು. ಮೈಸೂರು ಅಸೋಸಿಯೇಷನ್, ರಾಮನಾಯಕರ ಉಡುಪಿ ಬೋರ್ಡಿಂಗ್, ಇವೆಲ್ಲ ಆಮೇಲೆ ಬಂದವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಟ್ರಸ್ಟ್ ಆ ಪ್ಲಾಟುಗಳನ್ನು ಮಾರಲಿಲ್ಲ, ದೀರ್ಘಕಾಲದ ಲೀಸಿಗೆ ಕೊಟ್ಟಿತು. 1933ರಲ್ಲಿ ಟ್ರಸ್ಟ್ ಮುನಿಸಿಪಾಲಿಟಿಯೊಳಗೆ ಸೇರಿಹೋಯಿತು. ಹಾಗಾಗಿ ಅಂಥ ಲೀಸ್ ಪ್ಲಾಟುಗಳಿಗೆ ಇವತ್ತು ಮುನಿಸಿಪಾಲಿಟಿಯೇ ಧಣಿ. ಗೋಡೆ ನಿಮ್ಮದು, ಅಜ್ಜ ಹಾಕಿಸಿದ ನೆಲ ನಿಮ್ಮದು, ಅದರ ಕೆಳಗಿನ ಮಣ್ಣು ಮಾತ್ರ ನಿಮ್ಮದಲ್ಲ! ಮಾರಬೇಕಾದರೆ ಅವರ ಎಸ್ಟೇಟ್ ವಿಭಾಗದ ಅನುಮತಿ ಬೇಕು, ವರ್ಗಾವಣೆಗೆ ದುಡ್ಡು ಕಟ್ಟಬೇಕು. ಲೀಸು ಇನ್ನೂ ಎಷ್ಟು ವರ್ಷ ಇದೆ, 99 ವರ್ಷದ್ದೋ 999 ವರ್ಷದ್ದೋ, ಮುಗಿದಿದ್ದರೆ ನವೀಕರಣ ಆಗಿದೆಯೋ ಇಲ್ಲವೋ, ಇದರ ಮೇಲೆ ರೇಟು ಪೂರ್ತಿ ಬದಲಾಗುತ್ತದೆ. ಪ್ರಾಪರ್ಟಿ ಕಾರ್ಡು, ಅಂದರೆ ಜಾಗದ ಸರಕಾರಿ ದಾಖಲೆ, ಮತ್ತು ಮೂಲ ಲೀಸ್ ಪತ್ರ, ಎರಡನ್ನೂ ಕಣ್ಣಾರೆ ನೋಡದೆ ಟೋಕನ್ ಮುಂಗಡ ಕೊಡಬೇಡಿ. ಏಜೆಂಟು ಝೆರಾಕ್ಸ್ ತೋರಿಸಿದ ಅಂತ ಸುಮ್ನೆ ತಲೆಯಾಡಿಸಬೇಡಿ.

ಇನ್ನು ಕೆಳಗಿನ ಮಹಡಿ. ಹೆಚ್ಚಿನ ಇಂಥ ಮನೆಗಳಲ್ಲಿ ಅಲ್ಲಿ ಹಳೇ ಬಾಡಿಗೆದಾರರಿದ್ದಾರೆ, ಪಗಡಿಯವರು, ಅಂದರೆ ಒಳಗೆ ಬರುವಾಗಲೇ ದೊಡ್ಡ ಮೊತ್ತ ಕೊಟ್ಟು ಆಮೇಲೆ ಸಣ್ಣ ಬಾಡಿಗೆ ಕಟ್ಟುತ್ತಾ ಇರುವವರು. 1947ರ ಬಾಂಬೆ ರೆಂಟ್ ಆಕ್ಟ್ ಬಾಡಿಗೆಯನ್ನು 1940ರ ದರಕ್ಕೇ ಕಟ್ಟಿಹಾಕಿತ್ತು. 1999ರ ಮಹಾರಾಷ್ಟ್ರ ಬಾಡಿಗೆ ಕಾನೂನು ಬಂದ ಮೇಲೂ ಅವರನ್ನು ಸುಲಭವಾಗಿ ಏಳಿಸುವ ಹಾಗಿಲ್ಲ. ಅವರನ್ನು ಬೈಯಬೇಡಿ. ಅವರ ಅಜ್ಜನೂ ಆ ಕಾಲಕ್ಕೆ ದೊಡ್ಡ ಮೊತ್ತ ಕೊಟ್ಟೇ ಒಳಗೆ ಬಂದದ್ದು. ಆದರೆ ಜಾಹೀರಾತಿನಲ್ಲಿ ಆರು ಸಾವಿರ ಚದರಡಿ ಅಂತ ಇದ್ದು, ಅದರಲ್ಲಿ ಎರಡು ಸಾವಿರ ಚದರಡಿಯಲ್ಲಿ ಬೇರೆಯವರ ಒಲೆ ಉರಿಯುತ್ತಿದ್ದರೆ, ನೀವು ಕೊಳ್ಳುವುದು ನಾಲ್ಕು ಸಾವಿರವನ್ನೇ. ಜೊತೆಗೆ ಕಟ್ಟಡ ರಿಪೇರಿ ಸೆಸ್, ಅಂದರೆ ಹಳೇ ಕಟ್ಟಡಗಳ ದುರಸ್ತಿಯ ತೆರಿಗೆ, ಕಟ್ಟುವ ಪಟ್ಟಿಯಲ್ಲಿದ್ದರೆ ಮ್ಹಾಡಾ ಅನ್ನುವ ರಾಜ್ಯದ ವಸತಿ ಮಂಡಳಿಯ ನಿಯಮಗಳೂ ಬರುತ್ತವೆ. ಬಿಲ್ಡರ್ ಬಂದು ಗೋಪುರ ಎಬ್ಬಿಸುತ್ತೇನೆ ಅಂದರೂ ಬಾಡಿಗೆದಾರರಿಗೆ ಮೊದಲು ಮನೆ ಕೊಡಬೇಕು. 1995ರ ಹೆರಿಟೇಜ್ ನಿಯಮದ ಪಟ್ಟಿಯಲ್ಲಿ ಮನೆಯೋ ಆ ಓಣಿಯೋ ಇದೆಯಾ ಅಂತಲೂ ವಿಚಾರಿಸಿ. ಇದ್ದರೆ ಕೆಡವುವ ಮಾತು ಅಷ್ಟು ಸುಲಭವಲ್ಲ.

ಮಾರುವ ಮನೆಯವರಿಗೂ ಒಂದೆರಡು ಮಾತು. ಅಣ್ಣ-ತಮ್ಮಂದಿರು ಕೂತು ತೀರ್ಮಾನ ಮಾಡಿದರೆ ಆಯಿತು ಅಂತ ನಮ್ಮಲ್ಲಿ ಇನ್ನೂ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿ, ಆಮೇಲೆ 2020ರ ಸುಪ್ರೀಂ ಕೋರ್ಟ್ ತೀರ್ಪು ಆದ ಮೇಲೆ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು. ಕುಂದಾಪುರಕ್ಕೆ ಮದುವೆಯಾಗಿ ಹೋದ ಅಕ್ಕನ ಸಹಿ ಬೇಕು, ನ್ಯೂಜೆರ್ಸಿಯಲ್ಲಿರುವ ತಮ್ಮನದೂ ಬೇಕು. ತಮ್ಮ ಅಲ್ಲೇ ನೆಲೆಸಿದ್ದರೆ ಅವನ ಪಾಲಿನ ಮೇಲೆ ಖರೀದಿದಾರ ಹಿಡಿದು ಸರಕಾರಕ್ಕೆ ಕಟ್ಟುವ ತೆರಿಗೆ, ಟಿ.ಡಿ.ಎಸ್., ಇಲ್ಲಿಯವರ ಹಾಗೆ ಶೇಕಡ 1 ಅಲ್ಲ, ತುಂಬಾ ಜಾಸ್ತಿ. ಅದಕ್ಕೆ ಮೊದಲೇ ಸಿ.ಎ. ಹತ್ತಿರ ಹೋಗಿ ಕಡಿಮೆ ದರದ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಒಳ್ಳೆಯದು. ಅಜ್ಜ ಎಷ್ಟಕ್ಕೆ ಕಟ್ಟಿಸಿದ್ದರು ಅಂತ ಹಳೇ ಟ್ರಂಕು ಹುಡುಕಬೇಕಿಲ್ಲ. 2001ರ ಏಪ್ರಿಲ್ 1ರ ಬೆಲೆಯನ್ನು ಒಬ್ಬ ನೋಂದಾಯಿತ ಮೌಲ್ಯಮಾಪಕರಿಂದ ಬರೆಸಿಕೊಂಡರೆ ತೆರಿಗೆಗೆ ಬೇಕಾದ ಲಾಭದ ಲೆಕ್ಕ ಅಲ್ಲಿಂದ ಶುರು ಮಾಡಬಹುದು.

ಕೊಳ್ಳುವವರು ಸ್ಟಾಂಪ್ ಡ್ಯೂಟಿ ಮರೆಯಬೇಡಿ. ಮುಂಬಯಿಯಲ್ಲಿ ಶೇಕಡ 6, ಹೆಂಗಸರ ಹೆಸರಿಗೆ ಮಾತ್ರ ಕೊಂಡರೆ 1 ಕಡಿಮೆ.

ಇಷ್ಟೆಲ್ಲ ಸರಿ ಇದ್ದರೆ ಮನೆ ನೋಡಲು ಹೋಗಿ. ಆದರೆ ಡಿಸೆಂಬರಿನ ತಂಪಿನಲ್ಲಿ ಹೋಗಬೇಡಿ, ಆಗ ಎಲ್ಲ ಮನೆಯೂ ಚೆಂದವೇ ಅಲ್ವಾ. ಜುಲೈಯಲ್ಲಿ, ಎರಡು ದಿನ ಬಿಡದೆ ಮಳೆ ಹೊಯ್ದ ಮೇಲೆ ಹೋಗಿ. ಕಿಂಗ್ಸ್ ಸರ್ಕಲ್‌ನಲ್ಲಿ ನೀರು ನಿಲ್ಲುವುದು ನಿಮಗೆ ಗೊತ್ತೇ ಇದೆ. ಆ ನೀರು ಓಣಿಯೊಳಗೆ ಎಲ್ಲಿಯವರೆಗೆ ಬರುತ್ತದೆ, ಟೆರೇಸಿನ ಕೆಳಗಿನ ಕೋಣೆ ಸೋರುತ್ತದಾ, ಬಾಲ್ಕನಿಯ ಕಬ್ಬಿಣ ತುಕ್ಕು ಹಿಡಿದು ಸಿಮೆಂಟು ಉದುರುತ್ತಿದೆಯಾ, ಅದನ್ನೆಲ್ಲ ನೋಡಿಕೊಂಡು ಬಂದ ಮೇಲೆ ರೇಟಿನ ಮಾತಿಗೆ ಕೂತುಕೊಳ್ಳಿ. ನಮಸ್ಕಾರ.