ಹದಿನಾಲ್ಕು ದಿನವೋ, ಏಳು ದಿನವೋ?

ನಮಸ್ಕಾರ. ಇವತ್ತಿನ ಮಾತು ಕೆಪೆಸಿಟಾಬಿನ್ ಮಾತ್ರೆಯ ಬಗ್ಗೆ. ಸ್ತನ ಕ್ಯಾನ್ಸರ್ ಮೂಳೆಗೋ ಲಿವರಿಗೋ ಹರಡಿದ ಮೇಲೆ ತುಂಬಾ ಜನರಿಗೆ ಬರೆದುಕೊಡುವ ಕೀಮೋ ಇದು. ಡ್ರಿಪ್ ಇಲ್ಲ, ಮನೆಯಲ್ಲೇ ನುಂಗಬಹುದು, ಹಾಗಾಗಿ ಮೆದು ಔಷಧ ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡವರೇ ಹೆಚ್ಚು ಕಷ್ಟಪಡುತ್ತಾರೆ.

ಹಳೆಯ ಲೆಕ್ಕ ಹೀಗಿದೆ: ಮೈಯ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ 1250 ಮಿಲಿಗ್ರಾಂ, ದಿನಕ್ಕೆರಡು ಸಲ, 14 ದಿನ. ಆಮೇಲೆ 7 ದಿನ ಬಿಡುವು. ಹೀಗೆ ನುಂಗುತ್ತಾ ಹೋದಂತೆ ಹಲವರಿಗೆ ಅಂಗೈ, ಅಂಗಾಲು ಕೆಂಪಾಗಿ ಉರಿಯತೊಡಗುತ್ತವೆ. ಬಿಸಿ ಪಾತ್ರೆ ಹಿಡಿಯೋಕಾಗಲ್ಲ, ಚಪ್ಪಲಿ ಮೆಟ್ಟಿದರೆ ಚುಚ್ಚುತ್ತೆ. ಕೆಲವರಿಗೆ ಚರ್ಮ ಸುಲಿದು ಬಿರಿಯುತ್ತೆ. ಜೊತೆಗೆ ಭೇದಿ, ಬಾಯಿ ಹುಣ್ಣು.

ಇನ್ನೊಂದು ದಾರಿ ಇದೆ. ಅಮೆರಿಕದಲ್ಲಿ ನಡೆದು 2023ರಲ್ಲಿ ವರದಿಯಾದ ಒಂದು ಪ್ರಯೋಗದಲ್ಲಿ ಬೆಳಿಗ್ಗೆ 1500, ರಾತ್ರಿ 1500 ಮಿಲಿಗ್ರಾಂ, ಅಂದರೆ 500ರ ಮಾತ್ರೆ ಮೂರು ಮೂರು, 7 ದಿನ ಕೊಟ್ಟು 7 ದಿನ ಬಿಟ್ಟರು. ರೋಗ ತಡೆದಿಟ್ಟ ಅವಧಿಯಲ್ಲಿ ಹಳೆಯ ಪದ್ಧತಿಗಿಂತ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂಗೈ ಉರಿ, ಭೇದಿ ಮಾತ್ರ ಸ್ಪಷ್ಟವಾಗಿ ಕಡಿಮೆ. ಪ್ರಯೋಗ ಚಿಕ್ಕದು, 153 ಜನರದ್ದು. ಆದರೂ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಬದುಕನ್ನು ಹೆಚ್ಚು ದಿನ, ಹೆಚ್ಚು ನೆಮ್ಮದಿಯಾಗಿ ನಡೆಸುವುದೇ ಇಲ್ಲಿ ಗುರಿ. ಹಾಗಾಗಿ ಈ ಲೆಕ್ಕವನ್ನು ಡಾಕ್ಟರ ಮುಂದೆ ಎತ್ತಲೇಬೇಕು. ಲಿವರ್ ಕೆಡುತ್ತಿದ್ದು ರೋಗ ಬೇಗ ಕುಗ್ಗಬೇಕಾದವರ ಮಾತು ಬೇರೆ, ಅವರಿಗೆ ಡಾಕ್ಟರು ಜೋರು ಚಿಕಿತ್ಸೆ ಆರಿಸಬಹುದು.

ವೇಳಾಪಟ್ಟಿ ಬದಲಾದರೆ ಫಲವೂ ತೊಂದರೆಯೂ ಬದಲಾಗುತ್ತವೆ ಅನ್ನೋದಕ್ಕೆ ಡ್ರಿಪ್‌ನಲ್ಲಿ ಕೊಡುವ ಇನ್ನೊಂದು ಕೀಮೋ, ಪ್ಯಾಕ್ಲಿಟಾಕ್ಸೆಲ್ ನೋಡಿ. ಮೂರು ವಾರಕ್ಕೊಮ್ಮೆ ಚದರ ಮೀಟರಿಗೆ 175 ಮಿಲಿಗ್ರಾಂ ಕೊಡುವುದಕ್ಕಿಂತ ವಾರಕ್ಕೆ 80 ಕೊಟ್ಟರೆ ಗಡ್ಡೆ ಹೆಚ್ಚು ಕುಗ್ಗುತ್ತೆ, ನರಗಳ ಜೋಮು ಕೂಡ ಹೆಚ್ಚು. ರವಿಕೆಯ ಹುಕ್ಕು ಹಾಕೋಕೆ ಬೆರಳು ತಡವರಿಸಿದರೆ ಅದೇ ಮೊದಲ ಸೂಚನೆ. ದೂರದ ಊರಿನಿಂದ ಬೆಂಗಳೂರಿಗೆ ವಾರಕ್ಕೊಮ್ಮೆ ಬರುವ ಮನೆಯವರು ಆ ಪ್ರಯಾಣವನ್ನೂ ಲೆಕ್ಕಕ್ಕೆ ಸೇರಿಸಲಿ, ಅದೂ ಒಂದು ಅಡ್ಡಪರಿಣಾಮವೇ.

ಕೆಪೆಸಿಟಾಬಿನ್ ಶುರುವಾದರೆ: ಊಟವಾದ ಅರ್ಧ ಗಂಟೆಯೊಳಗೆ ನೀರಿನಲ್ಲಿ ನುಂಗಿ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ದುಪ್ಪಟ್ಟು ಬೇಡ. ದಿನದ ವಾಡಿಕೆಗಿಂತ ನಾಲ್ಕು ಸಲ ಹೆಚ್ಚು ಭೇದಿಯಾದರೆ ಮಾತ್ರೆ ನಿಲ್ಲಿಸಿ, ಅವತ್ತೇ ಫೋನ್ ಮಾಡಿ. ಮೊದಲ ಸುತ್ತಿನಲ್ಲೇ ಅಡ್ಡಪರಿಣಾಮ ತೀರಾ ಜೋರಾಗಿ ಬಂದರೆ, ಔಷಧವನ್ನು ಮೈಯೊಳಗೆ ಒಡೆಯುವ ಡಿಪಿಡಿ ಕಿಣ್ವದ ಕೊರತೆ ಇರಬಹುದು, ಅದು ಜೀವಕ್ಕೇ ಅಪಾಯ. ಅಂಗೈ ಉರಿ ಬಾರದಂತೆ ತಡೆಯಲು ದೆಹಲಿಯ ಏಮ್ಸ್‌ನಲ್ಲಿ ಡಿಕ್ಲೋಫೆನಾಕ್ 1% ಜೆಲ್ ಪರೀಕ್ಷಿಸಿದರು: ಹಚ್ಚಿದವರಲ್ಲಿ ತೊಂದರೆಯಾಗುವಷ್ಟು ಉರಿ 3.8%, ಔಷಧವಿಲ್ಲದ ಜೆಲ್ ಹಚ್ಚಿದವರಲ್ಲಿ 15%. ಹಚ್ಚುವ ಮುನ್ನ ಡಾಕ್ಟರನ್ನು ಕೇಳಿ.

ಉರಿಯಿದ್ದರೂ ಹಲ್ಲು ಕಚ್ಚಿ ನುಂಗುವವರು ಇದ್ದಾರೆ, ಹೇಳಿದರೆ ಔಷಧ ನಿಲ್ಲಿಸಿಬಿಡುತ್ತಾರೆ ಅನ್ನೋ ಭಯಕ್ಕೆ. ಡೋಸ್ ಇಳಿಸುವುದು ಚಿಕಿತ್ಸೆಯ ಭಾಗ. ದಯವಿಟ್ಟು ಹೇಳಿ.