ಒಂದು ಗೀರು ಸಾಲದು

ಕೇಳುಗರಿಗೆ ನಮಸ್ಕಾರ. ಕಾಸರಗೋಡು, ಬದಿಯಡ್ಕ, ಪೆರ್ಲದ ಕಡೆ ಅಡಿಕೆ ಸುಲಿಯುತ್ತಾ ರೇಡಿಯೋ ಕೇಳುತ್ತಿರುವವರೇ, ಕೈ ಕೆಲಸ ನಡೆಯಲಿ, ಕಿವಿ ಮಾತ್ರ ಇತ್ತ ಕೊಡಿ.

ನೆಲವನ್ನು ಎರಡೂ ಬದಿಯಿಂದ ಎಳೆದರೆ ಅದು ಬಿರಿಯುತ್ತದೆ. ಬಿರುಕಿನ ಒಂದು ಬದಿ ಕೆಳಗೆ ಜಾರುತ್ತದೆ. ಆ ತಗ್ಗಿನಲ್ಲಿ ಮಣ್ಣು, ಮರಳು ತುಂಬುತ್ತದೆ. ಗೋದಾವರಿ ಕಣಿವೆಯ ಕಲ್ಲಿದ್ದಲು ಇರುವುದು ಇಂಥದೇ ತಗ್ಗಿನಲ್ಲಿ. ಬಂಡೆಗೆ ಬಂಡೆ ಉಜ್ಜಿ ಜಾರುವಾಗ ಮೈ ನುಣುಪಾಗಿ ಗೀರು ಬೀಳುತ್ತದೆ. ಆ ಗೀರುಗಳಿಂದ, ಕೋಟ್ಯಂತರ ವರ್ಷದ ಹಿಂದೆ ನೆಲವನ್ನು ಯಾವ ದಿಕ್ಕಿಗೆ ಎಳೆದಿತ್ತು ಎಂದು ಹೇಳಬಹುದು. ಆದರೆ ಒಂದು ಗೀರು ಸಾಲದು.

ಯಾಕೆ ಅಂತ ನನಗೆ ಗೊತ್ತಾದದ್ದು ಅಜ್ಜಿಮನೆಯ ಮಾಡಿನ ಮೇಲೆ. ನಾಲ್ಕೂ ಕಡೆ ಇಳಿಜಾರಿದ್ದ ಹೆಂಚಿನ ಮಾಡು ಅದು. ಮಳೆಗಾಲಕ್ಕೆ ಮುಂಚೆ ಮಾವ ಒಡೆದ ಹೆಂಚು ಬದಲಾಯಿಸುತ್ತಿದ್ದರು. ನಾನು ಅಂಗಳದ ಬದಿಯ ಏಣಿಯಲ್ಲಿ ನಿಂತು ಹೆಂಚು ಕೊಡುವವನು. ಕೈ ತಪ್ಪಿದ ಹೆಂಚೆಲ್ಲ ಅಂಗಳಕ್ಕೇ ಬೀಳುತ್ತಿತ್ತು. "ಹೆಂಚು ಬೀಳುವುದು ಮೂಡಕ್ಕೆ" ಅಂದೆ. ಮಾವ ನಕ್ಕು, "ಹಟ್ಟಿಯ ಬದಿಗೆ ಬಂದು ನೋಡು ಮಾರಾಯ" ಅಂದರು. ಅಲ್ಲಿ ತೆಂಕಕ್ಕೆ ಬೀಳುತ್ತಿತ್ತು! ಹಿತ್ತಿಲಿಗೆ ಹೋದೆ, ಪಡುವಕ್ಕೆ. ಬಾವಿಯ ಬದಿಯಲ್ಲಿ ಬಡಗಕ್ಕೆ. ಎಳೆಯುವ ಭಾರ ಒಂದೇ, ನೇರ ಕೆಳಕ್ಕೆ. ಹೆಂಚಿಗೆ ಮಾತ್ರ ತನ್ನ ಇಳಿಜಾರು ಬಿಟ್ಟು ಬೇರೆ ದಾರಿಯಿಲ್ಲ. ನಾಲ್ಕೂ ಬದಿ ನೋಡಿದವನಿಗಷ್ಟೇ ಅದು ತಿಳಿಯುತ್ತದೆ, ಅಲ್ವಾ?

ಬಂಡೆಯದ್ದೂ ಹಾಗೆಯೇ. ಭೂವಿಜ್ಞಾನಿಗಳಾದ ವಾಲೇಸ್ 1951ರಲ್ಲಿ, ಬಾಟ್ 1959ರಲ್ಲಿ ಹೇಳಿದ್ದು ಇದನ್ನೇ: ಬಿರುಕಿನ ಮೈ ಎತ್ತ ವಾಲಿದೆಯೋ ಅದಕ್ಕೆ ತಕ್ಕಂತೆ ಒತ್ತಡ, ಅಂದರೆ ನೆಲವನ್ನು ಎಳೆಯುವ, ನೂಕುವ ಬಲ, ಹಂಚಿಹೋಗುತ್ತದೆ, ಆ ಮೈಯ ಮೇಲೆ ಅದು ಜೋರಾಗಿ ನೂಕುವ ದಿಕ್ಕಿಗೇ ಗೀರು ಬೀಳುತ್ತದೆ. ಫ್ರಾನ್ಸಿನ ಅಂಜೆಲಿಯೆ 1970ರ ದಶಕದಲ್ಲಿ ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಬಿರುಕುಗಳನ್ನು ಅಳೆದು, ಹಲವು ಗೀರುಗಳಿಂದ ಒಂದೇ ಒತ್ತಡವನ್ನು ಲೆಕ್ಕ ಹಾಕುವ ದಾರಿ ಮಾಡಿದರು. ಲೆಕ್ಕಕ್ಕೆ ಕಡಿಮೆಯೆಂದರೆ ನಾಲ್ಕು ಬಿರುಕು ಬೇಕು, ಅದೂ ಬೇರೆ ಬೇರೆ ದಿಕ್ಕಿನವು. ನಾನಂತೂ ವಿದ್ಯಾರ್ಥಿಗಳಿಗೆ ನಲವತ್ತು ತನ್ನಿ ಅನ್ನುತ್ತೇನೆ. ಒಂದನ್ನೇ ಅಳೆದು ಓಡಿ ಬರುವವರನ್ನು ಕಂಡರೆ ಬೇಸರವಾಗುತ್ತದೆ.

ಒಂದೇ ಮೈಯಲ್ಲಿ ಎರಡು ಸಾಲು ಗೀರು ಅಡ್ಡಡ್ಡ ಇದ್ದರೆ, ಮೇಲಿನದು ಹೊಸದು. ನಡುವೆ ಎಳೆತದ ದಿಕ್ಕು ಬದಲಾಗಿರಬಹುದು. ಇದಕ್ಕೆ ಇನ್ನೊಂದು ಭಾಷಣವೇ ಬೇಕು, ಸಮಯವಿಲ್ಲ.

ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ನಮ್ಮ ಸುರಂಗದ ಗೋಡೆಯಲ್ಲಿ ಸುಮ್ನೆ ಹುಡುಕಬೇಡಿ. ಮುರಕಲ್ಲಿನ ಆ ಗೀರು ಪಿಕ್ಕಾಸಿನದು. ಕಪ್ಪು ಕಲ್ಲಿನ ಕೋರೆಯಲ್ಲಿ ಕನ್ನಡಿಯಂತೆ ಹೊಳೆಯುವ ಮೈ ಕಂಡರೆ, ಒಡೆಯುವ ಮುಂಚೆ ಅದರ ಇಳಿಜಾರು, ಗೀರಿನ ದಿಕ್ಕು ಬರೆದಿಡಿ. ಆಮೇಲೆ ಪಕ್ಕದ್ದನ್ನೂ ನೋಡಿ.