ನಾಣ್ಯಕ್ಕೆ ಹುಣಸೆಹಣ್ಣು ಹಚ್ಚುವ ಮೊದಲು

ಕೇಳುಗರಿಗೆ ನಮಸ್ಕಾರ. ದೀಪಾವಳಿ ಅಮಾವಾಸ್ಯೆ ಬಂತೆಂದರೆ ವಿಜಯಪುರ ಸೀಮೆಯ ಎಷ್ಟೋ ಮನೆಗಳಲ್ಲಿ ಲಕ್ಷ್ಮೀಪೂಜೆಗಾಗಿ ಹಳೆಯ ಬೆಳ್ಳಿ ರೂಪಾಯಿಗಳು ಡಬ್ಬಿಯಿಂದ ಹೊರಬರುತ್ತವೆ. ಹಿತ್ತಾಳೆ ತಂಬಿಗೆ, ಆರತಿತಟ್ಟೆಗಳ ಜೊತೆ ಅವಕ್ಕೂ ಹುಣಸೆಹಣ್ಣು, ಬೂದಿಯ ಉಪಚಾರ. ಪೂಜೆಗೆಂದೇ ಇಟ್ಟದ್ದಾದರೆ ತಕರಾರಿಲ್ಲ. ಸಂಗ್ರಹದ ನಾಣ್ಯವಾದರೆ ಬೆಲೆ ಅಲ್ಲೇ ಬಿತ್ತು.

ಮೊದಲು ನೋಡಬೇಕಾದ್ದು ಇಷ್ಟೇ: ಕೊಳೆ ಲೋಹದ ಮೇಲೆ ಕೂತಿದೆಯೋ, ಲೋಹದಿಂದಲೇ ಹುಟ್ಟಿದೆಯೋ? ಮಣ್ಣು, ಎಣ್ಣೆ, ಕುಂಕುಮ, ಟೇಪಿನ ಅಂಟು ಮೇಲೆ ಕೂತವು, ತೆಗೆಯಬಹುದು. ಬೆಳ್ಳಿಯ ಕಪ್ಪು ಹಾಗಲ್ಲ. ಗಾಳಿಯಲ್ಲಿನ ಗಂಧಕ ಬೆಳ್ಳಿಯ ಜೊತೆ ಸೇರಿ ಆದ ಪದರು ಅದು. ತಾಮ್ರದ ಕಂದು ಬಣ್ಣವೂ ತಾಮ್ರದ್ದೇ. ಅದನ್ನು ಕಿತ್ತರೆ ನಾಣ್ಯದ ಚರ್ಮ ಸುಲಿದಂತೆ. ಹುಳಿ ಆ ಪದರನ್ನು ಕರಗಿಸಿ ತಾಮ್ರವನ್ನು ಹಸಿಹಸಿ ಗುಲಾಬಿಯಾಗಿ ಬಿಡುತ್ತದೆ. ಇಂಡಿ ತಾಲೂಕಿನ ಲಿಂಬೆ ಊಟಕ್ಕೇ ಇರಲಿ. ಬೂದಿ, ಟೂತ್‌ಪೇಸ್ಟ್ ಗೀರು ಎಬ್ಬಿಸುತ್ತವೆ. 1862ರಿಂದ 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ನೂರಕ್ಕೆ 91.7 ಪಾಲು ಬೆಳ್ಳಿ. ಅದರ ಮೂಲ ಹೊಳಪು ಅಚ್ಚೊತ್ತುವಾಗ ಲೋಹ ಸರಿದು ಮೂಡಿದ ಸೂಕ್ಷ್ಮ ಗೆರೆಗಳದ್ದು. ಪತ್ತಾರರ ಪಾಲಿಶ್ ಕೊಡುವುದು ಬೇರೆಯೇ ಹೊಳಪು. ಬಲ್ಲವರು ನೋಡಿದ ಕೂಡಲೇ ಗುರುತಿಸುತ್ತಾರೆ.

ಇನ್ನು ತೊಳೆಯುವ ಕ್ರಮ. ಕೊಳವೆಬಾವಿಯ ಗಡಸು ನೀರು ಬೇಡ; ಒಣಗಿದ ಮೇಲೆ ಉಪ್ಪಿನ ಕಲೆ ಉಳಿಯುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ. ಪಕ್ಕದಲ್ಲೇ ಆ್ಯಸಿಡ್ ಕ್ಯಾನೂ ಇರುತ್ತದೆ, ಚೀಟಿ ಓದಿ ತನ್ನಿ. ಗಾಜಿನ ಬಟ್ಟಲಿನ ತಳಕ್ಕೆ ಮೆತ್ತನೆಯ ಬಟ್ಟೆ ಹಾಸಿ, ಒಂದು ಸಲಕ್ಕೆ ಒಂದೇ ನಾಣ್ಯವನ್ನು ಅಂಚು ಹಿಡಿದು ಇಳಿಸಿ, 24 ಗಂಟೆ ಬಿಡಿ. ನೀರು ಕಲಕಾದರೆ ಬದಲಿಸಿ. ಬ್ರಶ್ ಮುಟ್ಟಬೇಡಿ, ಮಣ್ಣಿನಲ್ಲಿ ಮರಳಿರುತ್ತದೆ, ಗೀರುವುದು ಅದೇ. ತೆಗೆದ ಮೇಲೆ ಹತ್ತಿಬಟ್ಟೆಯಲ್ಲಿ ಒತ್ತಿ, ಒರೆಸಬೇಡಿ.

ಎಣ್ಣೆ ಕುಡಿದ ಕುಂಕುಮ, ಅಂಟು, ಪ್ಲಾಸ್ಟಿಕ್ ಆಲ್ಬಮ್ ಬಿಟ್ಟ ಹಸಿರು ಜಿಗುಟು ನೀರಿಗೆ ಜಗ್ಗುವುದಿಲ್ಲ. ಅದಕ್ಕೆ ಶುದ್ಧ ಅಸಿಟೋನ್ ಬೇಕು. ನೇಲ್ ಪಾಲಿಶ್ ರಿಮೂವರ್ ನಡೆಯದು, ಅದರಲ್ಲಿ ಬಣ್ಣ, ಸುವಾಸನೆ ಬೆರೆತಿರುತ್ತವೆ. ಗಾಜಿನ ಬಟ್ಟಲಲ್ಲಿ ಹತ್ತು ನಿಮಿಷ, ಆಮೇಲೆ ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ ತೆಗೆಯಿರಿ. ಎರಡನೆಯದನ್ನು ಬಿಟ್ಟರೆ ಕರಗಿದ ಜಿಡ್ಡು ಮತ್ತೆ ತೆಳುವಾಗಿ ಕೂರುತ್ತದೆ. ಕಿಟಕಿ ತೆರೆದಿರಲಿ. ಒಲೆ, ದೀಪ, ಊದುಬತ್ತಿ ಆ ಕೋಣೆಯಲ್ಲೇ ಬೇಡ. ಅದರ ಆವಿಗೆ ಬೆಂಕಿ ತಟ್ಟನೆ ಹತ್ತುತ್ತದೆ.

ತಾಮ್ರದ ಮೇಲೆ ಮಣ್ಣು ಕಲ್ಲಾಗಿದ್ದರೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ವಾರಗಟ್ಟಲೆ ನೆನೆಸಿ, ಬಿದಿರುಕಡ್ಡಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿ. ಸೂಜಿ, ಪಿನ್ ಬೇಡ. ಅವಸರವಿದ್ದವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಆದಿಲ್‌ಶಾಹಿ ಕಾಲದ ಲಾರಿ, ಅಂದರೆ ಮಡಚಿದ ಬೆಳ್ಳಿ ತಂತಿಯ ನಾಣ್ಯ, ಕೈಗೆ ಬಂದರೆ ನೆಟ್ಟಗೆ ಮಾಡಲು ಹೋಗಬೇಡಿ. ಮಡಚಿದ್ದೇ ಅದರ ಆಕಾರ. ಹಳೆಯ ಬೆಳ್ಳಿ ಪೆಡಸಾಗಿ ಮುರಿದೀತು.

ಕಿಲುಬಿನಲ್ಲೂ ಎರಡು ಬಗೆ. ಗಟ್ಟಿಯಾಗಿ, ನುಣುಪಾಗಿ ಅಂಟಿದ ಕಡುಹಸಿರು ಇರಲಿ ಬಿಡಿ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ರೋಗ: ಒಳಗಿನ ಕ್ಲೋರೈಡ್ ಎಂಬ ಲವಣದಂಶ ತೇವ ಸಿಕ್ಕಿದಾಗಲೆಲ್ಲ ತಾಮ್ರವನ್ನು ತಿನ್ನುತ್ತದೆ. ಅಂಥ ನಾಣ್ಯವನ್ನು ಉಳಿದವುಗಳಿಂದ ಬೇರ್ಪಡಿಸಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಮುಂದಿನ ಉಪಚಾರ ಬಲ್ಲವರಿಗೇ ಬಿಡಿ.

ತೊಳೆದದ್ದನ್ನು ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟರೆ ಅದರ ಗಂಧಕ ಬೆಳ್ಳಿಗೆ ಕಪ್ಪು ಪಟ್ಟೆ ಎಳೆಯುತ್ತದೆ. ರೆಕ್ಸಿನ್ ವಾಸನೆ ಬರುವ ಮೆತ್ತನೆ ಪ್ಲಾಸ್ಟಿಕ್ ಹಾಳೆಗಳೂ ಬೇಡ. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಹೋಲ್ಡರ್‌ಗಳಲ್ಲಿ ಒಂದೊಂದನ್ನೇ ಇಡಿ. ಮಿರಗ ಮಳೆ ಕೂಡುವ ಮುನ್ನ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬದಲಿಸಿ. ನಮಸ್ಕಾರ.